ನೀರಿನ ಔಷಧಿಯ ಆಯಸ್ಸು

ನಮ್ಮಪ್ಪ ಮನುಷ್ಯರನ್ನು ಬೇಗ ನಂಬುತ್ತಿದ್ದ, ಬಾಟಲಿಗಳನ್ನು ಮಾತ್ರ ನಂಬುತ್ತಿರಲಿಲ್ಲ. ಕಡೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಅವನ ಫೋಟೋ ಸ್ಟುಡಿಯೋ ಇತ್ತು. ಮುಂದೆ ಅಂಗಡಿ, ಅದರ ಹಿಂದೆ ಫೋಟೋ ತೆಗೆಯುವ ಕೋಣೆ, ಪಕ್ಕಕ್ಕೆ ಡಾರ್ಕ್ ರೂಮ್, ಹಿತ್ತಲ ಕಡೆಗೆ ನಮ್ಮ ಮನೆ. ಡಾರ್ಕ್ ರೂಮಿನ ಕಪಾಟಿನಲ್ಲಿದ್ದ ಪ್ರತಿ ಬಾಟಲಿಗೂ ಗಾಯಕ್ಕೆ ಹಾಕುವ ಪ್ಲಾಸ್ಟರಿನ ತುಂಡು ಅಂಟಿಸಿ, ಮುಚ್ಚಳ ತೆರೆದ ತಾರೀಖನ್ನು ಅದರ ಮೇಲೆ ಬರೆಯುತ್ತಿದ್ದ. "ಕಂಪ್ನಿಯೋರು ಹಾಕಿರೋ ತಾರೀಕು ಅವರ ಸಮಾಧಾನಕ್ಕೆ ಕಣೇ. ಮುಚ್ಚಳ ತೆಗೆದ ದಿನದಿಂದ ಆಯಸ್ಸು ಕರಗೋಕೆ ಶುರು" ಎನ್ನುತ್ತಿದ್ದ. ಫಿಲ್ಮು ತೊಳೆಯುವ ಡೆವಲಪರ್ ಕಂದು ಬಣ್ಣಕ್ಕೆ ತಿರುಗಿತೋ, ಮುಲಾಜಿಲ್ಲದೆ ಚರಂಡಿಗೆ. ಒಮ್ಮೆ ಅವ್ವನ ಉಪ್ಪಿನಕಾಯಿ ಭರಣಿಗೂ ಪ್ಲಾಸ್ಟರ್ ಅಂಟಿಸಲು ಹೋಗಿ ಸರಿಯಾಗಿ ಬೈಸಿಕೊಂಡಿದ್ದ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಮುಗಿಸಿದ್ದೆ. ಮುಂದೆ ಓದಬೇಕೆಂದರೆ ಚಿಕ್ಕಮಗಳೂರಿಗೆ ಹೋಗಬೇಕಿತ್ತು, ಹೆಣ್ಣುಮಗಳನ್ನು ದಿನಾ ಬಸ್ ಹತ್ತಿಸಲು ಅವ್ವನಿಗೆ ಮನಸ್ಸಿರಲಿಲ್ಲ. ಗಂಡು ಸಿಗುವ ತನಕ ಸುಮ್ಮನೆ ಯಾಕೆ ಕೂರಬೇಕು ಎಂದು ಅಪ್ಪ ನನ್ನನ್ನು ಸ್ಟುಡಿಯೋ ಕೆಲಸಕ್ಕೆ ಹಚ್ಚಿದ. ಗಂಡು ಸಿಗುವುದು ತಡವಾಯಿತು. ಆ ತಡಕ್ಕೆ ನಾನು ಈಗಲೂ ಋಣಿ, ಯಾಕೆಂದರೆ ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯ ಕಾಲ ಮತ್ತೆ ಬರಲಿಲ್ಲ.

ಸ್ಟುಡಿಯೋದಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಅದು ಬಂದದ್ದು ಶೋಕಿಗಲ್ಲ. ಚಿಕ್ಕ ಮಕ್ಕಳ ಫೋಟೋ ತೆಗೆಯುವುದು ದೊಡ್ಡ ತಲೆನೋವಾಗಿತ್ತು. ಲೈಟು ಹಾಕಿದ ಕೂಡಲೇ ಅಳುತ್ತಿದ್ದವು, ಗಿಲಕಿ ಅಲ್ಲಾಡಿಸಿದರೆ ಗಿಲಕಿಗೇ ಕೈ ಚಾಚುತ್ತಿದ್ದವು. ಬೆಂಗಳೂರಿಗೆ ಸಾಮಾನು ತರಲು ಹೋದ ಅಪ್ಪ ಒಮ್ಮೆ ಗಾಜಿನ ತೊಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಬಂದಿಳಿದ. ಕ್ಯಾಮೆರಾದ ಪಕ್ಕದಲ್ಲೇ ಅದನ್ನು ಇಟ್ಟ. ಎಂಥ ರಚ್ಚೆ ಹಿಡಿದ ಮಗುವಾದರೂ ಮೀನು ತಿರುಗುವುದನ್ನು ನೋಡುತ್ತಾ ಬಾಯಿ ತೆರೆದು ಕೂತುಬಿಡುತ್ತಿತ್ತು. ಆ ಕಾಲದ ಕಡೂರಿನ ಮಕ್ಕಳ ಫೋಟೋಗಳಲ್ಲಿ ಎಲ್ಲರೂ ಒಂದೇ ಕಡೆ, ಸ್ವಲ್ಪ ಎಡಕ್ಕೆ, ಬೆರಗಾಗಿ ನೋಡುತ್ತಿದ್ದರೆ ಕಾರಣ ಇದು.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಗಿರಾಕಿಗಳಿಗೆ ಅದೊಂದು ತಮಾಷೆಯಾಯಿತು. "ಏನ್ರೀ, ಜಂಗಮರು ಬಂದ್ರೆ ಇದನ್ನೇ ಬಡಿಸ್ತೀರೋ ಹೆಂಗೆ?" ಎಂದು ಕೇಳುತ್ತಿದ್ದರು. ಅವ್ವ ತೊಟ್ಟಿಯನ್ನು ಮನೆಯ ಹೊಸಿಲು ದಾಟಲು ಬಿಡಲಿಲ್ಲ. ಸತ್ತ ಮೀನನ್ನು ಮುಟ್ಟಿದರೆ ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು ಎಂದು ಕಾನೂನು ಮಾಡಿದಳು. ಅಪ್ಪ ಒಪ್ಪಿಕೊಂಡ. ಮೀನು ಅಪರೂಪಕ್ಕೆ ಸಾಯುತ್ತಿದ್ದುದರಿಂದ ಆ ಕಾನೂನಿನಿಂದ ಯಾರಿಗೂ ತೊಂದರೆಯಾಗಲಿಲ್ಲ.

ತೊಟ್ಟಿಯ ಜೊತೆಗೆ ನೀರನ್ನು ಪರೀಕ್ಷೆ ಮಾಡುವ ಪುಟ್ಟ ಪೆಟ್ಟಿಗೆಯೊಂದು ಬಂದಿತ್ತು. ಅದರಲ್ಲಿ ಕಂದು ಗಾಜಿನ ಬಾಟಲಿಯಲ್ಲಿ ಔಷಧಿ, ಒಂದು ಗಾಜಿನ ನಳಿಕೆ, ಬಣ್ಣಗಳನ್ನು ಅಚ್ಚು ಹಾಕಿದ ಒಂದು ಕಾರ್ಡು. ನಳಿಕೆಯಲ್ಲಿ ನೀರು ತುಂಬಿ ಔಷಧಿಯ ಹನಿ ಬಿಟ್ಟು ಅಲ್ಲಾಡಿಸಿದರೆ ಬಣ್ಣ ಬರುತ್ತಿತ್ತು. ಹಳದಿ ಬಂದರೆ ನೀರಿನಲ್ಲಿ ಹುಳಿ ಜಾಸ್ತಿ, ನೀಲಿ ಬಂದರೆ ಕ್ಷಾರ ಜಾಸ್ತಿ, ಹಸಿರು ಬಂದರೆ ಮೀನಿಗೆ ಹಿತ. ಅಪ್ಪ ಈ ಬಾಟಲಿಗೂ ಪ್ಲಾಸ್ಟರ್ ಅಂಟಿಸಿದ. ಬೆಳಕು ತಾಗದ ಕಡೆ ಇಟ್ಟ. ಮುಚ್ಚಳ ಸಡಿಲ ಬಿಟ್ಟರೆ, ಹನಿ ಬಿಡುವ ಕೊಳವೆಯನ್ನು ನೀರಿಗೆ ತಾಗಿಸಿ ಹಾಗೇ ಬಾಟಲಿಯೊಳಗೆ ಇಳಿಸಿದರೆ ನನಗೆ ಬೈಗುಳ ಗ್ಯಾರಂಟಿ. ವರ್ಷ ತುಂಬಿತೆಂದರೆ, ಬಾಟಲಿಯಲ್ಲಿ ಅರ್ಧ ಉಳಿದಿದ್ದರೂ ಚೆಲ್ಲಿ ಹೊಸದು ತರಿಸುತ್ತಿದ್ದ. ಕಾರ್ಡನ್ನು ಮಾತ್ರ ಶೋಕೇಸಿನ ಗಾಜಿಗೆ ಒರಗಿಸಿಟ್ಟು ಮರೆತ. ಒಂದು ಬೇಸಿಗೆ ಕಳೆಯುವುದರೊಳಗೆ ಅದು ಬಿಸಿಲಿಗೆ ಬೆಳ್ಳಗಾಗಿ, ಮೂರು ಬಣ್ಣವೂ ಒಂದೇ ಆಯಿತು. ಇನ್ನೊಂದು ತರಿಸು ಎಂದೆ. ಅಪ್ಪ ನಕ್ಕುಬಿಟ್ಟ. "ಬಣ್ಣ ನೋಡೋಕೆ ನನಗೆ ಕಾರ್ಡಾ?"

ಆ ಜಂಬಕ್ಕೆ ಅರ್ಥವಿತ್ತು. ಆಗ ಕಲರ್ ಫಿಲ್ಮು ನಮ್ಮ ಕಡೆ ಅಪರೂಪ. ಕಪ್ಪು ಬಿಳುಪು ಫೋಟೋ ತೆಗೆದು, ದೊಡ್ಡದು ಮಾಡಿ, ಅದರ ಮೇಲೆ ಕುಂಚದಿಂದ ತೆಳುವಾಗಿ ಬಣ್ಣ ಹಾಕುತ್ತಿದ್ದರು. ಈ ಕೆಲಸದಲ್ಲಿ ಅಪ್ಪನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಬೀರೂರಿನಿಂದ, ತರೀಕೆರೆಯಿಂದ, ಅಜ್ಜಂಪುರದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಮದುವೆ ಹೆಣ್ಣಿನ ಸೀರೆ ಗಿಣಿ ಹಸಿರು ಎಂದರೆ ಗಿಣಿ ಹಸಿರೇ, ಎಲೆ ಹಸಿರಲ್ಲ. ತೀರಿಕೊಂಡ ಹಿರಿಯರ ಮುಖಕ್ಕೆ ಜೀವಂತ ಮೈಬಣ್ಣ ತರುತ್ತಿದ್ದ. ಹಣೆಯ ವಿಭೂತಿಗೆ ಅವನದೇ ಒಂದು ಪಾಕವಿತ್ತು. ಬರೀ ಬಿಳಿ ಬಳಿದರೆ ಸುಣ್ಣ ಬಳಿದ ಹಾಗೆ ಕಾಣುತ್ತದೆ ಎಂದು, ಅವ್ವ ಬಿಳಿ ಪಂಚೆಗೆ ನೀಲಿ ಹಾಕುವ ಹಾಗೆ, ಬಿಳಿಗೆ ನೀಲಿಯ ಸೋಂಕನ್ನು ಮಾತ್ರ ತಾಗಿಸುತ್ತಿದ್ದ. ಮೂರು ಎಳೆ ವಿಭೂತಿ ಹಣೆಯ ಮೇಲೆ ಆಗತಾನೇ ಧರಿಸಿದ ಹಾಗೆ ಕಾಣುತ್ತಿತ್ತು. ಬಣ್ಣದ ಕುಂಚವನ್ನು ನನಗೆ ತೊಳೆಯಲು ಕೊಡುತ್ತಿದ್ದ, ಹಿಡಿಯಲು ಕೊಡುತ್ತಿರಲಿಲ್ಲ. ನನಗೆ ಅದರ ಮೇಲೆ ಸಿಟ್ಟಿತ್ತು.

ನಮ್ಮ ಹಿತ್ತಲ ಬಾವಿಯ ನೀರು ಕುಡಿದವರಿಗೇ ಗೊತ್ತು. ಅಷ್ಟು ಗಡಸು, ಅಷ್ಟು ಕ್ಷಾರ. ಬೇಳೆ ಗಂಟೆಗಟ್ಟಲೆ ಕುದಿಯಬೇಕು, ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಅವ್ವ ತರೀಕೆರೆಯವಳು. "ನಮ್ಮೂರ ನೀರಲ್ಲಿ ಬೇಳೆ ಒಂದು ಕುದಿ ಬಂದ್ರೆ ಸಾಕು, ಹೂವಾಗ್ತದೆ" ಎಂದು ದಿನಕ್ಕೊಮ್ಮೆ ಹೇಳದೆ ಅವಳಿಗೆ ಅಡುಗೆ ಮುಗಿಯುತ್ತಿರಲಿಲ್ಲ. ಆ ನೀರಿಗೆ ಔಷಧಿ ಹಾಕಿದರೆ ನೀಲಿ ಬರುತ್ತಿತ್ತು. ಅಪ್ಪ ಮಳೆಗಾಲದಲ್ಲಿ ಹಂಚಿನಿಂದ ಇಳಿದ ನೀರನ್ನು ಹಂಡೆಗಳಲ್ಲಿ ಹಿಡಿದಿಟ್ಟು, ಬಾವಿ ನೀರಿಗೆ ಬೆರೆಸಿ, ಹಸಿರು ಬರುವ ತನಕ ಪರೀಕ್ಷೆ ಮಾಡಿ, ಆಮೇಲೆ ತೊಟ್ಟಿಗೆ ಹಾಕುತ್ತಿದ್ದ.

ಅವನಿಗೆ ಐವತ್ತೈದು ದಾಟಿದ ಮೇಲೆ, ಒಂದು ವರ್ಷ, ಬಾವಿಯ ನೀರು ನೇರವಾಗಿ ಹಸಿರು ಬಂತು. ಕನಿಷ್ಠ ಅಪ್ಪ ಹಾಗೆ ಹೇಳಿದ. ಸ್ಟುಡಿಯೋದಿಂದ ಅಡುಗೆಮನೆಯವರೆಗೂ ನಳಿಕೆ ಹಿಡಿದುಕೊಂಡು ಬಂದ.

"ನೋಡೇ, ಬಾವಿ ಸಿಹಿ ಆಗೈತೆ. ಹೋದ ಸಲದ ಮಳೆ ಒಳಗೆ ಇಳಿದೈತೆ ಅಂತ ಕಾಣ್ತದೆ."

ಅವ್ವ ಒಲೆಯ ಮುಂದೆ ಬೆವರುತ್ತಿದ್ದಳು, ತಲೆ ಎತ್ತಲಿಲ್ಲ. "ಸಿಹಿ ಆಗಿದ್ರೆ ಈ ಬೇಳೆಗೂ ಒಂಚೂರು ಹೇಳ್ರೀ. ಬೆಳಗ್ಗಿಂದ ಕಲ್ಲಿದ್ದಂಗೆ ಐತೆ."

ಆಗ ಆ ಮಾತಿಗೆ ಅಪ್ಪನೂ, ಡಾರ್ಕ್ ರೂಮಿನೊಳಗಿಂದ ಕೇಳಿಸಿಕೊಂಡ ನಾನೂ ನಕ್ಕೆವು. ನಗಬಾರದಾಗಿತ್ತು.

ಅಪ್ಪ ಮಳೆನೀರು ಬೆರೆಸುವುದನ್ನು ನಿಲ್ಲಿಸಿದ. ಕೆಂಪು ಮೀನುಗಳು ಹೇಗೋ ತಡೆದುಕೊಂಡವು. ಪಟ್ಟೆಪಟ್ಟೆಯ ಏಂಜೆಲ್ ಮೀನುಗಳು ಮೂಲೆ ಸೇರಿ, ರೆಕ್ಕೆ ಮಡಚಿಕೊಂಡು, ಒಂದೊಂದಾಗಿ ಸಾಯತೊಡಗಿದವು. ಪ್ರತಿ ಸಾವಿಗೂ ಅಪ್ಪನಿಗೆ ಸ್ನಾನ. ಚಳಿಗಾಲ ಬೇರೆ. ಕೆಲವು ದಿನ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಒದ್ದೆ ತಲೆಯಲ್ಲಿ ಗಿರಾಕಿಗಳ ಮುಂದೆ ನಿಲ್ಲುತ್ತಿದ್ದ. ಅವ್ವನ ಮನಸ್ಸು ಕರಗಲಿಲ್ಲ.

ನೀರು ನೋಡಿದರೆ ಹಸಿರು, ಮೀನು ನೋಡಿದರೆ ಸಾಯುತ್ತಿದೆ. ಅಪ್ಪ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ. ಅವನ ಜಾಯಮಾನಕ್ಕೆ ಬೇರೆ ತೀರ್ಮಾನ ಹೊಳೆಯುವಂತೆಯೇ ಇರಲಿಲ್ಲ.

"ಔಷಧಿ ಸತ್ತೈತೆ ಕಣೇ. ಏನು ಹಾಕಿದ್ರೂ ಹಸಿರೇ ತೋರಿಸ್ತದೆ."

"ಅಪ್ಪಾ, ತೆರೆದು ನಾಲ್ಕು ತಿಂಗಳೂ ಆಗಿಲ್ಲ. ತಾರೀಖು ನೀನೇ ಬರೆದಿದ್ದೀಯ."

"ಅಂಗಡೀಲೇ ಹಳೇದು ಕೊಟ್ಟಿರ್ತಾರೆ. ಬಿಸಿಲಲ್ಲಿ ಇಟ್ಟಿರ್ತಾರೆ. ಯಾರಿಗೊತ್ತು?"

ತುಂಬಿದ ಬಾಟಲಿ ಚರಂಡಿಗೆ ಹೋಯಿತು. ಬೆಂಗಳೂರಿಗೆ ಹೋಗುವ ಪರಿಚಯದವರ ಕೈಯಲ್ಲಿ ಹೊಸ ಬಾಟಲಿ ತರಿಸಿದ. ಅದರಲ್ಲೂ ಅಪ್ಪನಿಗೆ ಹಸಿರೇ. ಅದನ್ನೂ ಸತ್ತವರ ಲೆಕ್ಕಕ್ಕೆ ಸೇರಿಸಿದ. ನಾನು ಆ ದಿನಗಳಲ್ಲಿ ಪರೀಕ್ಷೆ ನೋಡಲು ಹೋಗುತ್ತಲೇ ಇರಲಿಲ್ಲ. ತೊಟ್ಟಿ ಅಪ್ಪನದು, ಡಾರ್ಕ್ ರೂಮಿನ ಟ್ರೇಗಳು ನನ್ನವು ಎಂದು ಕೆಲಸ ಹಂಚಿಹೋಗಿತ್ತು.

ಹಾಗಿರುವಾಗ ಅಜ್ಜಂಪುರದಿಂದ ಒಬ್ಬರು ಬಂದರು. ಅಲ್ಲಿ ಕಡಲೆಕಾಯಿ, ಹತ್ತಿ ಮಂಡಿ ಇಟ್ಟವರು, ನಮ್ಮ ಹಳೆಯ ಗಿರಾಕಿ. ಅವರ ತಂದೆ ತೀರಿಕೊಂಡು ವರ್ಷ ತುಂಬುತ್ತಿತ್ತು. ವರ್ಷದ ಶಿವಗಣಾರಾಧನೆಗೆ ಮಠದ ಸ್ವಾಮಿಗಳು ಬರುವವರಿದ್ದರು, ಆ ದಿನ ನಡುಮನೆಯಲ್ಲಿ ಇಡಲು ತಂದೆಯ ದೊಡ್ಡ ಫೋಟೋಕ್ಕೆ ಬಣ್ಣ ಹಾಕಿಸಿ, ಕಟ್ಟು ಹಾಕಿಸಿಕೊಂಡು ಹೋಗಿದ್ದರು. ಈಗ ಅದೇ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ರೈಲಿಳಿದು ಬಂದಿದ್ದರು. ಸಂಕೋಚದಿಂದ ಅಂಗಡಿಯ ಮೇಜಿನ ಮೇಲಿಟ್ಟು ಬಿಚ್ಚಿದರು.

"ತಪ್ಪು ತಿಳ್ಕೊಬ್ಯಾಡ್ರೀ. ಕೆಲಸ ಚೆಂದ ಐತೆ. ಆದ್ರೆ ಅಪ್ಪಾರ ಹಣೆ ಮ್ಯಾಲೆ ವಿಭೂತಿ ನೀಲಿ ಆಗೈತಲ್ರೀ. ಮನೇಲಿ ಹೆಣ್ಮಕ್ಕಳು ನೋಡಿ ನಗಾಕೆ ಹತ್ತಿದ್ರು."

ನಾನು ಒಳಗಿಂದ ಬಂದು ನೋಡಿದೆ. ಬೆಳಗಿನ ಬೆಳಕು ನೇರ ಅದರ ಮೇಲೆ ಬೀಳುತ್ತಿತ್ತು. ಹಿರಿಯರ ಹಣೆಯ ಮೇಲೆ ಶಾಲೆಯ ಮಸಿಯಂಥ ಮೂರು ನೀಲಿ ಗೆರೆ. ಸಂಶಯಕ್ಕೆ ಜಾಗವೇ ಇರಲಿಲ್ಲ. ಅಪ್ಪ ಫೋಟೋವನ್ನು ಹತ್ತಿರಕ್ಕೆ ಹಿಡಿದ, ದೂರಕ್ಕೆ ಹಿಡಿದ, ಬಾಗಿಲಿಗೆ ಒಯ್ದ. ಅವನಿಗೆ ತಪ್ಪೇನೂ ಕಾಣುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಅವನ ಕಣ್ಣಿಗೆ ಆ ವಿಭೂತಿ ಬೆಳ್ಳಗೇ ಇತ್ತು. ಆದರೂ ಗಿರಾಕಿಯ ಮುಂದೆ ಸಾವರಿಸಿಕೊಂಡು, "ಬಣ್ಣ ಹಳೇದಾಗಿತ್ತು ಅಂತ ಕಾಣ್ತದೆ ಯಜಮಾನ್ರೇ. ಬಿಳಿ ಕೆಟ್ಟರೆ ಹಿಂಗೇ ನೀಲಿ ಹೊಡೀತದೆ. ಹೊಸ ಪ್ರಿಂಟ್ ಹಾಕಿ ಬೇರೆ ಮಾಡಿಕೊಡ್ತೀನಿ" ಎಂದ.

ಅವರು ಹೊರಡುವಾಗ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಸ್ವಾಮಿಗಳು ಬರೋದ್ರೊಳಗೆ ಆಗ್ಬೇಕು ತಾಯಿ. ಇಲ್ಲಾಂದ್ರೆ ಶಿವಮೊಗ್ಗಕ್ಕೆ ಕೊಡಬೇಕಾಗ್ತದೆ. ನನಗೆ ಅದು ಇಷ್ಟ ಇಲ್ಲ."

ಅಪ್ಪನಿಗೆ ಅದು ಕೇಳಿಸಿತು. ಅವತ್ತು ಅವನು ಊಟ ಮಾಡಲಿಲ್ಲ. ಒಂದು ಫೋಟೋ ವಾಪಸ್ಸು ಬಂತು ಎಂಬುದು ದೊಡ್ಡ ಮಾತಲ್ಲ. ಬಣ್ಣಕ್ಕಾಗಿ ಅವನ ಹತ್ತಿರ ಬರುತ್ತಿದ್ದವರು ಬಣ್ಣಕ್ಕಾಗಿಯೇ ಬೇರೆಯವರ ಹತ್ತಿರ ಹೋಗುತ್ತಾರೆ ಎನ್ನುವುದು ದೊಡ್ಡ ಮಾತು. ಫೋಟೋ ಯಾರು ಬೇಕಾದರೂ ತೆಗೆಯುತ್ತಿದ್ದರು. ಅಪ್ಪ ಅಪ್ಪನಾಗಿದ್ದದ್ದು ಆ ಕುಂಚದಿಂದ. ಬಿಳಿ ಬಣ್ಣದ ಟ್ಯೂಬನ್ನು ಎಸೆದ, ನೀಲಿಯದನ್ನು ಎಸೆದ, ಹೊಸದು ತಂದ, ಹೊಸ ಪ್ರಿಂಟಿನ ಮೇಲೆ ಮತ್ತೆ ಬಣ್ಣ ಹಾಕಿದ. ಒಣಗಿದ ಮೇಲೆ ನಾನು ನೋಡಿದೆ. ಮೊದಲಿಗಿಂತ ಹೆಚ್ಚು ನೀಲಿ.

ನನ್ನ ಸ್ವಭಾವ ಒಳಗೊಂದು ಹೊರಗೊಂದು ಅಲ್ಲ. ಅವತ್ತೇ ಹೇಳಿಬಿಡುತ್ತಿದ್ದೆ. ಆದರೆ ನಾನು ನೀಲಿ ಅಂದರೆ ಅವನು ಬಿಳಿ ಅನ್ನುತ್ತಾನೆ, ಬಣ್ಣದ ವಿಷಯದಲ್ಲಿ ನನ್ನ ಮಾತು ಅಲ್ಲಿ ನಡೆಯುವುದಿಲ್ಲ. ವಾದಕ್ಕೆ ಬಗ್ಗದ ಏನಾದರೂ ಬೇಕಿತ್ತು. ಕಾಲೇಜಿನಲ್ಲಿ ನಮಗೆ ಕಲಿಸಿದ್ದು ನೆನಪಾಯಿತು. ಔಷಧಿ ಬದುಕಿದೆಯೋ ಸತ್ತಿದೆಯೋ ತಿಳಿಯಬೇಕಾದರೆ ತಾರೀಖು ನೋಡಬೇಕಾಗಿಲ್ಲ. ಗೊತ್ತಿರುವ ಹುಳಿಗೆ ಹಾಕಬೇಕು, ಗೊತ್ತಿರುವ ಕ್ಷಾರಕ್ಕೆ ಹಾಕಬೇಕು. ಎರಡರಲ್ಲೂ ಸರಿಯಾದ ಬಣ್ಣ ಬಂದರೆ ಅದು ಗಟ್ಟಿಮುಟ್ಟಾಗಿದೆ ಎಂದೇ ಅರ್ಥ.

ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಒಂದು ಗಾಜಿನ ಲೋಟಕ್ಕೆ ಮಳೆನೀರು ಹಾಕಿ ನಿಂಬೆಹಣ್ಣು ಹಿಂಡಿದೆ. ಇನ್ನೊಂದಕ್ಕೆ ಅವ್ವನ ಎಲೆಅಡಿಕೆ ತಟ್ಟೆಯಿಂದ ಸುಣ್ಣ ತೆಗೆದು ಕದಡಿ, ಮೇಲಿನ ತಿಳಿ ಬಸಿದೆ. ಮೂರನೆಯದಕ್ಕೆ ಬಾವಿ ನೀರು. ಅಪ್ಪನ ಎದುರಿಗೇ ಇಟ್ಟು, ಅವನು ಸತ್ತಿದೆ ಎಂದು ಬದಿಗಿಟ್ಟಿದ್ದ ಔಷಧಿಯನ್ನು ಮೂರಕ್ಕೂ ಬಿಟ್ಟೆ. ನಿಂಬೆಯ ಲೋಟ ಹಳದಿಯಾಯಿತು. ಸುಣ್ಣದ್ದು ಕಡು ನೀಲಿ. ಬಾವಿ ನೀರೂ ನೀಲಿ, ಒಂದಿಷ್ಟು ತೆಳು ಅಷ್ಟೇ.

"ಹೇಳಪ್ಪಾ, ಯಾವುದು ಏನು ಬಣ್ಣ?"

"ಇದು ಹಳದಿ. ಇವೆರಡೂ ಹಸಿರು. ನಾನು ಹೇಳಲಿಲ್ವಾ, ಸತ್ತೈತೆ ಅಂತ? ಸುಣ್ಣಕ್ಕೆ ಹಸಿರು ಬರ್ತದೇನೇ ಎಲ್ಲಾದ್ರೂ?"

ಅವ್ವ ಎಲೆಅಡಿಕೆ ತಟ್ಟೆ ಹುಡುಕಿಕೊಂಡು ಬಂದಳು. ನನ್ನನ್ನು ಬೈಯಲು ಬಾಯಿ ತೆರೆದವಳು ಲೋಟಗಳನ್ನು ನೋಡಿ ನಿಂತಳು.

"ಅಯ್ಯ, ಎಷ್ಟು ಚೆಂದ ನೀಲಿ ಬಂದೈತೆ! ನವಿಲಿನ ಕತ್ತು ಇದ್ದಂಗೆ."

ಅಪ್ಪ ಅವಳ ಮುಖ ನೋಡಿದ. ಅವ್ವನಿಗೆ ಔಷಧಿ ಸತ್ತಿದೆ ಎಂಬ ಮಾತು ಗೊತ್ತಿಲ್ಲ, ವಿಭೂತಿಯ ವಿಷಯವನ್ನು ಅವಳಿಗೆ ಹೇಳಿರಲಿಲ್ಲ. ಅವಳು ನನ್ನ ಪರವಾಗಿ ಮಾತಾಡುತ್ತಿಲ್ಲ ಎಂದು ಅವನಿಗೆ ತಿಳಿದಿತ್ತು. "ಯಾವುದು ಕಣೇ ನೀಲಿ?" ಎಂದು ಕೇಳಿದ. "ಇದೂ, ಇದೂ" ಎಂದು ಅವಳು ತೋರಿಸಿ, ತಟ್ಟೆ ಎತ್ತಿಕೊಂಡು ಹೋದಳು.

ಅಪ್ಪ ಸುಣ್ಣದ ಲೋಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ನಾನು ಗೆದ್ದಿದ್ದೆ. ಎಷ್ಟೋ ವರ್ಷದ ಸಿಟ್ಟಿಗೆ ಆ ಗೆಲುವು ಸಿಹಿಯಾಗಬೇಕಿತ್ತು. ಆಗಲಿಲ್ಲ. ಔಷಧಿ ಸತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಇನ್ನೊಂದು ಬಾಟಲಿ ತರಿಸಬಹುದಿತ್ತು.

"ಬಾವಿ ಸಿಹಿ ಆಗಿಲ್ಲ ಹಂಗಾದ್ರೆ" ಎಂದ ಅಪ್ಪ.

"ಇಲ್ಲಪ್ಪಾ."

ಆ ವಾರವೇ ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡು ಕಣ್ಣಿಗೂ ಪೊರೆ ಬರುತ್ತಿದೆ, ಹಳದಿ ಗಾಜಿನ ಮೂಲಕ ಲೋಕವನ್ನು ನೋಡಿದ ಹಾಗೆ ನೀಲಿ ಹಸಿರಾಗಿ, ಬಿಳಿ ಹಳದಿಯಾಗಿ ಕಾಣುತ್ತದೆ, ಇಷ್ಟಿಷ್ಟೇ ಬಂದದ್ದರಿಂದ ಇವರಿಗೆ ಗೊತ್ತಾಗಿಲ್ಲ ಎಂದರು. ಆಪರೇಷನ್ ಮಾಡಿಬಿಡಿ ಎಂದು ನಾನೇ ಅವಸರ ಮಾಡಿದೆ. ಡಾಕ್ಟರು ತಲೆಯಾಡಿಸಿದರು. ಆಗಿನ ಪದ್ಧತಿ ಬೇರೆ. ಪೊರೆ ಪೂರ್ತಿ ಬಲಿಯಬೇಕು, ಆಮೇಲೆ ತೆಗೆಯುವುದು. "ಇನ್ನೂ ಕಾಯಿ. ಹಣ್ಣಾಗಲಿ, ಬನ್ನಿ" ಎಂದರು. ಅದಕ್ಕೆ ಎಷ್ಟು ಕಾಲ ಎಂದು ಕೇಳಿದರೆ, ಒಂದು ವರ್ಷವೋ, ಮೂರು ವರ್ಷವೋ, ಹೇಳಲಾಗುವುದಿಲ್ಲ ಎಂದರು.

ಸಖರಾಯಪಟ್ಟಣದ ಮೇಲೆ ಬರುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ತೆಂಗಿನ ತೋಟಗಳ ಮೇಲೆ ಬರೀ ಆಕಾಶ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದ. ನನಗೆ ಅಳು ಬಂತು. ಅವನ ಪಾಲಿನ ಆಕಾಶ ಈಗ ಯಾವ ಬಣ್ಣ ಎಂದು ಕೇಳುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ತೊಟ್ಟಿಯ ನೀರನ್ನು ನಾನು ಪರೀಕ್ಷೆ ಮಾಡಿ, ಮಳೆನೀರು ಬೆರೆಸಿ, ದಿನವೂ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಬಂದೆ. ಉಳಿದಿದ್ದ ಏಂಜೆಲ್ ಮೀನುಗಳು ಮೂಲೆ ಬಿಟ್ಟು ಹೊರಗೆ ಬಂದವು. ಅಪ್ಪನ ಸ್ನಾನಗಳು ಕಡಿಮೆಯಾದವು. ಅವನು ಮಾತ್ರ ಬಣ್ಣದ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಅಜ್ಜಂಪುರದ ಹಿರಿಯರ ಮೂರನೇ ಪ್ರಿಂಟು, ಮುಖ, ಪೇಟ, ಶಲ್ಯ ಎಲ್ಲ ಕಪ್ಪು ಬಿಳುಪಿನಲ್ಲೇ, ಹಲಗೆಗೆ ಪಿನ್ನು ಹೊಡೆಸಿಕೊಂಡು ಕಾಯುತ್ತಿತ್ತು. ಆರಾಧನೆ ಹತ್ತಿರ ಬಂತು. ಶಿವಮೊಗ್ಗಕ್ಕೆ ಕೊಟ್ಟುಬಿಡಿ ಎಂದು ಹೇಳಿಕಳಿಸಲೋ ಎಂದು ನಾನು ಮನಸ್ಸಿನಲ್ಲೇ ತೂಗುತ್ತಿದ್ದೆ. ಅಪ್ಪನ ಬಾಯಿಂದ ಆ ಮಾತು ಬರಬಾರದು ಎಂದೂ ಅಂದುಕೊಳ್ಳುತ್ತಿದ್ದೆ.

ಒಂದು ಬೆಳಗ್ಗೆ ಡಾರ್ಕ್ ರೂಮಿನಿಂದ ಹೊರಗೆ ಬಂದರೆ ಅಪ್ಪ ಬಾಗಿಲ ಬೆಳಕಿನಲ್ಲಿ ಹಲಗೆ ಇಟ್ಟುಕೊಂಡು ಕೂತಿದ್ದ. ಮುಖದ ಬಣ್ಣ, ಪೇಟದ ಬಣ್ಣ ಆಗಲೇ ಮುಗಿದಿತ್ತು. ಅವು ಕೆಂಪು, ಹಳದಿಯ ಕಡೆಯ ಬಣ್ಣಗಳು, ಕೈಯ ಅಭ್ಯಾಸವೇ ಅವನ್ನು ನಡೆಸಿಕೊಂಡು ಹೋಗಿತ್ತು, ತುಂಬಾ ಚೆನ್ನಾಗಿ ಬಂದಿದ್ದವು. ಹಣೆ ಮಾತ್ರ ಖಾಲಿ. ಪಿಂಗಾಣಿ ತಟ್ಟೆಯಲ್ಲಿ ಬಿಳಿ ಕಲಸಿಕೊಂಡಿದ್ದ.

"ಬಾ ಇಲ್ಲಿ. ಕೂತ್ಕೋ" ಎಂದ. ತಟ್ಟೆಯನ್ನು ನನ್ನ ಕಡೆ ತಳ್ಳಿದ. "ಇದು ಏನು ಬಣ್ಣ ಕಣೇ?"

ನನ್ನ ಇಪ್ಪತ್ತೊಂದು ವರ್ಷದಲ್ಲಿ ಅಪ್ಪ ಯಾರನ್ನಾದರೂ ಆ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿರಲಿಲ್ಲ.

"ನೀಲಿ ಇದೆಯಪ್ಪಾ."

ತಟ್ಟೆ ತೊಳೆದ. ಮತ್ತೆ ಬಿಳಿ ಹಿಂಡಿದ, ನೀಲಿಯನ್ನು ಕುಂಚದ ತುದಿಗೆ ತಾಗಿಸಿದ, ಕಲಸಿದ.

"ಈಗ?"

"ಇನ್ನೂ ಒಂಚೂರು."

ಮತ್ತೆ ತೊಳೆದ. ಅವಸರವಿಲ್ಲದೆ, ಬೇಸರವಿಲ್ಲದೆ ಕಲಸಿದ.

"ಈಗ ಹೇಳು."

"ಈಗ ಬಿಳಿ. ನೀನು ಮೊದಲು ಮಾಡ್ತಿದ್ಯಲ್ಲ, ಅದೇ ಬಿಳಿ."

ಅಪ್ಪ ತಟ್ಟೆಯನ್ನು ದಿಟ್ಟಿಸಿದ. ಅವನ ಕಣ್ಣಿಗೆ ಅದು ಹಳೆಯ ಕಾಗದದ ಹಾಗೆ ಹಳದಿಯಾಗಿಯೇ ಕಾಣುತ್ತಿತ್ತು. ಅದು ಮುಖದ ಮೇಲೇ ಬರೆದಿತ್ತು. ನಲವತ್ತು ವರ್ಷ ಊರವರೆಲ್ಲರ ಬಣ್ಣ ಅವನ ಕಣ್ಣು ಹೇಳಿದ ಹಾಗೆ ನಡೆದಿತ್ತು. "ಖಂಡಿತಾನಾ?" ಎಂದು ಒಂದೇ ಸಲ ಕೇಳಿದ. ಖಂಡಿತ ಎಂದೆ. ಅಪ್ಪ ಕುಂಚ ಅದ್ದಿ, ತನಗೆ ಹಳದಿಯಾಗಿ ಕಾಣುತ್ತಿದ್ದ ಬಣ್ಣದಲ್ಲಿ, ಆ ಹಿರಿಯರ ಹಣೆಯ ಮೇಲೆ ಮೂರು ಎಳೆ ವಿಭೂತಿ ಎಳೆದ.